ಕಾರಿಗೆ ಕ್ರೂಸ್ ಕಂಟ್ರೋಲ್ ನೀವೇ ಹಾಕಿಕೊಳ್ಳುವುದು ಹೇಗೆ?

ತುಮಕೂರಿನಿಂದ ಶಿರಾ, ಚಿತ್ರದುರ್ಗದ ಕಡೆ ಜಾಸ್ತಿ ಓಡಾಡುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ನಂದು ಬೇಸ್ ಮಾಡೆಲ್ ಕಾರು. ಕ್ರೂಸ್ ಕಂಟ್ರೋಲ್ ಮನೇಲೇ ಹಾಕ್ಕೋಬಹುದಾ?" ಹಾಕಿಕೊಳ್ಳಬಹುದು. ಆದರೆ ಎಲ್ಲ ಕಾರಿಗೂ ಆಗುವುದಿಲ್ಲ. ಆಗುವ ಕಾರಿನಲ್ಲೂ ಕೆಲಸದ ಕ್ರಮ ತಪ್ಪಿದರೆ ಅಪಾಯ.

ಕ್ರೂಸ್ ಕಂಟ್ರೋಲ್ ಅಂದರೆ ನೀವು ಹೇಳಿದ ವೇಗವನ್ನು ಕಾರೇ ಹಿಡಿದುಕೊಂಡು ಹೋಗುವ ವ್ಯವಸ್ಥೆ. 80 ಕಿ.ಮೀ. ವೇಗದಲ್ಲಿ ಬಟನ್ ಒತ್ತಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬಹುದು. ಏರು ಬಂದರೆ ಅದೇ ಜಾಸ್ತಿ ಕೊಡುತ್ತದೆ, ಸಮತಟ್ಟು ಬಂದರೆ ಕಡಿಮೆ ಮಾಡುತ್ತದೆ. ಬ್ರೇಕ್ ಮುಟ್ಟಿದ ಕ್ಷಣ ಬಿಟ್ಟುಬಿಡಬೇಕು. ಇಡೀ ಕೆಲಸದ ಜೀವ ಈ ಕೊನೆಯ ಮಾತಿನಲ್ಲಿದೆ. ವೇಗ ಹಿಡಿಯುವುದನ್ನು ಅಗ್ಗದ ಕಿಟ್ ಕೂಡ ಮಾಡುತ್ತದೆ. ಬಿಡಬೇಕಾದಾಗ ಪ್ರತಿ ಸಲವೂ ಬಿಡುತ್ತದಾ ಅನ್ನುವುದನ್ನು ನೀವು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೇ ಇಲ್ಲಿ ಬ್ರೇಕ್ ಮತ್ತು ಕ್ಲಚ್‌ನ ಸ್ವಿಚ್‌ಗಳನ್ನು ಮೊದಲು ನೋಡುತ್ತೇವೆ. ಸ್ಟಿಯರಿಂಗ್ ಮೇಲಿನ ಬಟನ್ ಆಮೇಲೆ.

ಮುಂದಿನ ಗಾಡಿ ನೋಡಿ ತಾನೇ ನಿಧಾನ ಮಾಡುವ ಅಡಾಪ್ಟಿವ್ ಕ್ರೂಸ್ ಬೇರೆ. ಅದಕ್ಕೆ ರೇಡಾರ್, ಕ್ಯಾಮೆರಾ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲ ಬೇಕು. ಮನೆಯಲ್ಲಿ ಹಾಕುವ ಮಾತೇ ಇಲ್ಲ.

ನಿಮ್ಮ ಕಾರು ಯಾವ ಗುಂಪಿನದು?

ಬಾನೆಟ್ ಎತ್ತುವುದಕ್ಕಿಂತ ಮೊದಲು ಆಕ್ಸಿಲರೇಟರ್ ಪೆಡಲ್ ಹತ್ತಿರ ಬಗ್ಗಿ ನೋಡಿ. ಪೆಡಲ್‌ನ ಮೇಲ್ಭಾಗದಿಂದ ಉಕ್ಕಿನ ಕೇಬಲ್ ಹೊರಟಿದೆಯಾ, ಅಥವಾ ವೈರುಗಳ ಕಪ್ಲರ್ ಇದೆಯಾ? ಕಪ್ಲರ್ ಅಂದರೆ ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ. ಕಪ್ಲರ್ ಇದ್ದರೆ ನಿಮ್ಮದು ಎಲೆಕ್ಟ್ರಾನಿಕ್ ಆಕ್ಸಿಲರೇಟರ್. ನೀವು ಎಷ್ಟು ತುಳಿದಿರಿ ಅನ್ನುವುದು ವೈರಿನಲ್ಲಿ ಇಸಿಯುಗೆ ಹೋಗುತ್ತದೆ. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ.

ಮೊದಲ ಗುಂಪು: ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಇದೆ, ಅದೇ ವರ್ಷದ ಅದೇ ಎಂಜಿನ್ನಿನ ಟಾಪ್ ಮಾಡೆಲ್‌ನಲ್ಲಿ ಕಂಪನಿಯೇ ಕ್ರೂಸ್ ಕೊಟ್ಟಿದೆ. ಇಂಥ ಎಷ್ಟೋ ಕಾರುಗಳ ಇಸಿಯು ಒಳಗೆ ಕ್ರೂಸ್‌ನ ಲೆಕ್ಕಾಚಾರ ಆಗಲೇ ಇರುತ್ತದೆ. ಬಟನ್ ಮತ್ತು ವೈರ್ ಮಾತ್ರ ಇರುವುದಿಲ್ಲ. ಮನೆಯಲ್ಲಿ ಮಾಡಲು ಇದೇ ಒಳ್ಳೆಯ ಗುಂಪು.

ಎರಡನೆಯದು: ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಇದೆ, ಆದರೆ ಯಾವ ಮಾಡೆಲ್‌ನಲ್ಲೂ ಕಂಪನಿ ಕ್ರೂಸ್ ಕೊಟ್ಟಿಲ್ಲ. ಇಲ್ಲಿ ಪೆಡಲ್‌ಗೂ ಇಸಿಯುಗೂ ನಡುವೆ ಕೂರುವ ಹೊರಗಿನ ಕಿಟ್ ಬೇಕು. ಆಗುತ್ತದೆ, ಆದರೆ ಎಚ್ಚರ ಎರಡು ಪಟ್ಟು ಬೇಕು.

ಮೂರನೆಯದು ಕೇಬಲ್ ಇರುವ ಹಳೇ ಕಾರುಗಳು. 1958ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲಿ ಕ್ರೂಸ್ ಮೊದಲು ಬಂದದ್ದು ಕೇಬಲ್ ಕಾಲದಲ್ಲೇ. ಅದನ್ನು ಕಂಡುಹಿಡಿದ ಎಂಜಿನಿಯರ್ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಹಳೇ ಕಾರಿಗೆ ಮನೆಯಲ್ಲಿ ಇದನ್ನು ಹಾಕಬೇಡಿ ಅನ್ನುವುದು ನನ್ನ ಸಲಹೆ. ಕೇಬಲ್ ಎಳೆಯುವ ಮೋಟಾರು ಅಥವಾ ವ್ಯಾಕ್ಯೂಮ್ ಡಬ್ಬಿ ಎಂಜಿನ್ ಬಿಸಿಯಲ್ಲಿ, ಧೂಳಿನಲ್ಲಿ ಕೂರಬೇಕು. ಎಳೆದ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡರೆ ಬ್ರೇಕ್ ಮುಟ್ಟಿದರೂ ಎಂಜಿನ್ ಇಳಿಯುವುದಿಲ್ಲ.

ಮೊದಲ ಗುಂಪೋ ಎರಡನೆಯದೋ ಅಂತ ಅನುಮಾನವಿದ್ದರೆ ಬಿಡಿಭಾಗಗಳ ಪಟ್ಟಿ ನೋಡಿ. ಬೇಸ್ ಮಾಡೆಲ್ ಮತ್ತು ಟಾಪ್ ಮಾಡೆಲ್‌ನ ಇಸಿಯು ಪಾರ್ಟ್ ನಂಬರ್ ಒಂದೇ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಬೇರೆ ಇದ್ದರೆ ಬಟನ್ ಕೊಂಡು ದುಡ್ಡು ಕಳೆಯಬೇಡಿ. ಶೋರೂಮಿನ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ನನ್ನ ಮಾತು ಒಂದೇ: ಸದ್ಯಕ್ಕೆ ಕಾಯಿರಿ. ವೈರಿಂಗ್ ಮುಟ್ಟಿದ್ದೀರಿ ಅಂತ ಗೊತ್ತಾದರೆ ಎಲೆಕ್ಟ್ರಿಕಲ್ ದೂರುಗಳಿಗೆ ವಾರಂಟಿ ನಿರಾಕರಿಸಬಹುದು.

ಏನೇನು ಬೇಕು

ಮಲ್ಟಿಮೀಟರ್ ಬೇಕೇ ಬೇಕು. ಅದನ್ನು ಬಳಸಲು ಬರದಿದ್ದರೆ ಮೊದಲು ಕಲಿಯಿರಿ, ಇಲ್ಲವೇ ಬರುವವರನ್ನು ಜೊತೆಗೆ ಕೂರಿಸಿಕೊಳ್ಳಿ. 10 ನಂಬರ್ ಸ್ಪ್ಯಾನರ್, ನಕ್ಷತ್ರದ ತುದಿಯ ಟಾರ್ಕ್ಸ್ ಬಿಟ್‌ಗಳು, ಪ್ಲಾಸ್ಟಿಕ್ ಮೀಟುಗೋಲು, ಬಟ್ಟೆಯಂಥ ವೈರಿಂಗ್ ಟೇಪ್, ಕೇಬಲ್ ಟೈ. ಓಬಿಡಿ ಸ್ಕ್ಯಾನರ್ ಕೂಡ ಬೇಕು. ಓಬಿಡಿ ಅಂದರೆ ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ತಪಾಸಣೆ ಸಾಕೆಟ್. ದೋಷದ ಕೋಡ್ ತೋರಿಸುವುದು ಮಾತ್ರ ಸಾಲದು. ಗಾಡಿ ಆನ್ ಇದ್ದಾಗಲೇ ಬ್ರೇಕ್, ಕ್ಲಚ್, ಪೆಡಲ್‌ನ ಸ್ಥಿತಿ ತೋರಿಸುವ ಲೈವ್ ಡೇಟಾ ಇರುವ ಸ್ಕ್ಯಾನರ್ ತಗೊಳ್ಳಿ.

ಬಟನ್, ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ಒಳಗೆ ಸುತ್ತಿರುವ ವೈರಿನ ಪಟ್ಟಿ), ಕಿಟ್ ಯಾವುದೇ ಆಗಲಿ, ಪಾರ್ಟ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ. ತುಮಕೂರಿನಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಇದನ್ನು ಮರೆಯಲೇಬಾರದು. "ಇದೂ ಆಗುತ್ತೆ ಸಾರ್" ಅಂತ ಕೊಡುವ ಬಟನ್ ನೋಡಲು ಒಂದೇ ಥರ ಇರುತ್ತದೆ, ಒಳಗೆ ಬೇರೆ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಇನ್ನೊಂದು ಎಚ್ಚರಿಕೆ. ಪೆಡಲ್ ಕಪ್ಲರ್‌ಗೆ ಸಿಕ್ಕಿಸುವ ಥ್ರಾಟಲ್ ಬೂಸ್ಟರ್ ಅನ್ನುವ ಡಬ್ಬಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವು ನೀವು ಸ್ವಲ್ಪ ತುಳಿದದ್ದನ್ನು ಜಾಸ್ತಿ ತುಳಿದ ಹಾಗೆ ಇಸಿಯುಗೆ ತೋರಿಸುತ್ತವೆ, ಅಷ್ಟೇ. ಬ್ರೇಕ್ ವೈರಿನ ಸಂಪರ್ಕವೇ ಕೇಳದ ಯಾವುದನ್ನೂ ಕ್ರೂಸ್ ಅಂತ ನಂಬಿ ಕೊಳ್ಳಬೇಡಿ.

ಹಂತ 1: ಬ್ರೇಕ್ ಸ್ವಿಚ್

ಬ್ರೇಕ್ ಪೆಡಲ್‌ನ ಮೇಲ್ಭಾಗಕ್ಕೆ ಟಾರ್ಚ್ ಬಿಡಿ. ಪೆಡಲ್‌ನ ಕೈಗೆ ತಾಗಿಕೊಂಡು ಒಂದು ಚಿಕ್ಕ ಸ್ವಿಚ್ ಇರುತ್ತದೆ. ಎರಡೇ ವೈರ್ ಇದ್ದರೆ ಸಾಮಾನ್ಯವಾಗಿ ಅದರೊಳಗೆ ಬ್ರೇಕ್ ಲೈಟ್ ಹೊತ್ತಿಸುವ ಒಂದೇ ಸ್ವಿಚ್ ಇದೆ ಅಂತ ಅರ್ಥ. ನಾಲ್ಕು ವೈರ್ ಇದ್ದರೆ ಒಳಗೆ ಸಾಮಾನ್ಯವಾಗಿ ಎರಡು ಸ್ವಿಚ್. ಪೆಡಲ್ ಒತ್ತಿದಾಗ ಒಂದು ಕೂಡುತ್ತದೆ, ಇನ್ನೊಂದು ಬಿಡುತ್ತದೆ. ಇಸಿಯು ಎರಡನ್ನೂ ಹೋಲಿಸಿ ನೋಡುತ್ತದೆ. ಒಂದು ಕೆಟ್ಟರೂ ಇನ್ನೊಂದು ಸುದ್ದಿ ಮುಟ್ಟಿಸುತ್ತದೆ. ಕಂಪನಿಯ ಕ್ರೂಸ್ ಇರುವ ಎಷ್ಟೋ ಕಾರುಗಳ ಸುರಕ್ಷತೆ ನಿಂತಿರುವುದು ಈ ಜೋಡಿಯ ಮೇಲೆ.

ಕೀ ತೆಗೆದು ಸ್ವಿಚ್‌ನ ಕಪ್ಲರ್ ಬಿಚ್ಚಿ. ಮಲ್ಟಿಮೀಟರನ್ನು ಬೀಪ್ ಮಾಡುವ ಜಾಗಕ್ಕೆ ಇಟ್ಟು ಪಿನ್‌ಗಳನ್ನು ಜೋಡಿ ಜೋಡಿಯಾಗಿ ಮುಟ್ಟಿಸಿ. ಒಂದು ಜೋಡಿ ಪೆಡಲ್ ಬಿಟ್ಟಾಗ ಬೀಪ್ ಆಗಬೇಕು, ಇನ್ನೊಂದು ಒತ್ತಿದಾಗ. ಪೆಡಲ್ ಸ್ವಲ್ಪವೇ ಅಲುಗಿದರೂ ಎರಡೂ ಬದಲಾಗಬೇಕು. ಅರ್ಧ ತುಳಿದ ಮೇಲೆ ಬದಲಾದರೆ ಸ್ವಿಚ್ ಸವೆದಿದೆ, ಅಥವಾ ಅದರ ಹೊಂದಾಣಿಕೆ ತಪ್ಪಿದೆ. ಕಪ್ಲರ್ ಮತ್ತೆ ಹಾಕಿ ಸ್ಕ್ಯಾನರ್‌ನ ಲೈವ್ ಡೇಟಾದಲ್ಲೂ ನೋಡಿ. ಕೆಲವು ಹೊಸ ಕಾರುಗಳಲ್ಲಿ ಅಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್ ಇರುತ್ತದೆ. ಅದಕ್ಕೆ ಬೀಪ್ ಪರೀಕ್ಷೆ ನಡೆಯುವುದಿಲ್ಲ, ಲೈವ್ ಡೇಟಾ ಮಾತ್ರ ದಾರಿ. ಪಿ0504 ಅಥವಾ ಪಿ0571 ಅನ್ನುವ ಕೋಡ್ ಬಂದಿದ್ದರೆ ದೂರು ಬ್ರೇಕ್ ಸ್ವಿಚ್ಚಿನದು, ಇಲ್ಲವೇ ಅದರ ವೈರಿನದು. ಅದು ಸರಿಯಾಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಹೊರಗಿನ ಕಿಟ್ ಹಾಕುವವರು ಹಿಂದಿನ ಬ್ರೇಕ್ ಲೈಟ್ ಕೂಡ ನೋಡಬೇಕು. ಹಳೇ ವಿನ್ಯಾಸದ ಕೆಲವು ಕಿಟ್‌ಗಳು ಬಲ್ಬಿನ ತಂತಿಯ ಮೂಲಕ ಅರ್ಥ್ ಸಿಗುತ್ತದೆ ಅಂತ ನಂಬಿ ಕೆಲಸ ಮಾಡುತ್ತವೆ. ನೀವು ಎಲ್ಇಡಿ ಬಲ್ಬ್ ಹಾಕಿಸಿದ್ದರೆ ಅವುಗಳ ಲೆಕ್ಕ ತಪ್ಪುತ್ತದೆ. ನಡುವೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಚಿಕ್ಕ ಸ್ವಿಚ್, ಹಾಕಬೇಕಾಗುತ್ತದೆ. ಕಿಟ್‌ನ ಕೈಪಿಡಿಯಲ್ಲಿ ಎಲ್ಇಡಿ ವಿಷಯ ಏನು ಹೇಳಿದೆ ಅಂತ ಕೊಳ್ಳುವ ಮೊದಲೇ ಓದಿ.

ಹಂತ 2: ಕ್ಲಚ್ ಸ್ವಿಚ್

ಆಟೋಮ್ಯಾಟಿಕ್ ಗೇರ್ ಕಾರಿನವರು ಇದನ್ನು ಬಿಟ್ಟು ಮುಂದೆ ಹೋಗಿ.

ಮ್ಯಾನ್ಯುಯಲ್ ಕಾರಿನಲ್ಲಿ ಕ್ರೂಸ್ ನಡೆಯುತ್ತಿರುವಾಗ ಕ್ಲಚ್ ತುಳಿದರೆ ಏನಾಗುತ್ತದೆ? ಎಂಜಿನ್ನಿಗೆ ಭಾರ ಇಲ್ಲದಂತಾಗುತ್ತದೆ. ಕಾರಿನ ವೇಗ ಇಳಿಯುತ್ತದೆ. ವೇಗ ಇಳಿಯಿತು ಅಂತ ಕ್ರೂಸ್ ಇನ್ನೂ ಕೊಡುತ್ತದೆ, ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಅದನ್ನು ತಡೆಯುವುದು ಕ್ಲಚ್ ಸ್ವಿಚ್.

ಬಹಳ ಜನ ಎಡವುವುದು ಇಲ್ಲೇ. ಕ್ಲಚ್ ಪೆಡಲ್‌ನಲ್ಲಿ ಎರಡು ಥರದ ಸ್ವಿಚ್ ಇರಬಹುದು. ಒಂದು ಪೆಡಲ್ ಪೂರ್ತಿ ಕೆಳಗೆ ಹೋದಾಗ ಒತ್ತಿಕೊಳ್ಳುವಂಥದ್ದು, ಕ್ಲಚ್ ತುಳಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗಲಿ ಅಂತ ಕೊಟ್ಟದ್ದು. ಇದು ಕ್ರೂಸ್‌ಗೆ ಆಗದು, ಇದು ಒತ್ತುವಷ್ಟರಲ್ಲಿ ತಡವಾಗಿರುತ್ತದೆ. ನಮಗೆ ಬೇಕಾದದ್ದು ಮೇಲ್ಗಡೆಯದು, ಪೆಡಲ್ ಅಲುಗಿದ ಕೂಡಲೇ ಬದಲಾಗುವಂಥದ್ದು. ಲೈವ್ ಡೇಟಾ ನೋಡುತ್ತಾ ಕ್ಲಚ್ ಮೆಲ್ಲಗೆ ಒತ್ತಿ. ಮೊದಲ ಒಂದೆರಡು ಸೆಂಟಿಮೀಟರಿನಲ್ಲೇ ಬದಲಾದರೆ ಸರಿ. ಸ್ವಿಚ್ಚೇ ಇಲ್ಲದಿದ್ದರೆ ಟಾಪ್ ಮಾಡೆಲ್‌ನ ಸ್ವಿಚ್ ತಂದು ಹಾಕಿ. ಪೆಡಲ್ ಚೌಕಟ್ಟಿನಲ್ಲಿ ಅದಕ್ಕೆ ತೂತು ಇದೆಯಾ ನೋಡಿಕೊಳ್ಳಿ. "ಕ್ಲಚ್ ಸ್ವಿಚ್ ಇಲ್ಲದೇ ಓಡ್ಸ್ಬೋದು" ಅನ್ನುವವರ ಮಾತು ಕೇಳಬೇಡಿ.

ಹಂತ 3: ಬ್ಯಾಟರಿ ಬಿಚ್ಚಿ, ಏರ್‌ಬ್ಯಾಗ್ ತೆಗೆಯುವುದು

ಬಟನ್ ಸ್ಟಿಯರಿಂಗ್ ಮೇಲೆ ಬರುವ ಕಾರಿಗೆ ಈ ಹಂತ ಬೇಕು. ಫೋಕ್ಸ್‌ವ್ಯಾಗನ್ ಪೋಲೋ, ವೆಂಟೋದಂಥ ಕಾರುಗಳಲ್ಲಿ ಕ್ರೂಸ್ ಬಟನ್ ಇಂಡಿಕೇಟರ್ ಲಿವರ್ ಮೇಲೆ ಬರುತ್ತದೆ. ಆದರೆ ಲಿವರ್ ಬದಲಿಸಲು ಅಲ್ಲೂ ಸ್ಟಿಯರಿಂಗ್ ಚಕ್ರ ಬಿಚ್ಚಬೇಕು.

ಚಕ್ರಗಳು ನೇರವಾಗಿರಲಿ, ಸ್ಟಿಯರಿಂಗ್ ನೇರವಾಗಿರಲಿ. ಕೀ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ ದೂರ ಇಡಿ. ಆಮೇಲೆ ಕನಿಷ್ಠ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಏರ್‌ಬ್ಯಾಗ್‌ನ ಕಂಪ್ಯೂಟರಿನಲ್ಲಿ ಬ್ಯಾಟರಿ ಹೋದರೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಬ್ಯಾಗ್ ಬಿಚ್ಚಿಕೊಳ್ಳಲಿ ಅಂತ ಹಾಗೆ ಮಾಡಿದ್ದಾರೆ. ನಿಮ್ಮ ಕಾರಿನ ಕೈಪಿಡಿ ಇದಕ್ಕಿಂತ ಜಾಸ್ತಿ ಹೊತ್ತು ಹೇಳಿದ್ದರೆ ಅಷ್ಟು ಹೊತ್ತು ಕಾಯಿರಿ.

ಏರ್‌ಬ್ಯಾಗ್ ಕೆಲವು ಕಾರುಗಳಲ್ಲಿ ಸ್ಕ್ರೂ ಮೇಲೆ ನಿಂತಿರುತ್ತದೆ, ಕೆಲವದರಲ್ಲಿ ಸ್ಟಿಯರಿಂಗ್ ಹಿಂದಿನ ಚಿಕ್ಕ ತೂತುಗಳಲ್ಲಿ ಕ್ಲಿಪ್ ಒತ್ತಿ ಬಿಡಿಸಬೇಕು. ನಿಮ್ಮ ಮಾಡೆಲ್‌ನದು ಹೇಗೆ ಅಂತ ತಿಳಿಯದೆ ಮೀಟಬೇಡಿ. ಹೊರಬಂದ ಮೇಲೆ ಕಪ್ಲರ್‌ನ ಬೀಗ ಎತ್ತಿ ಬಿಡಿಸಿ. ಏರ್‌ಬ್ಯಾಗ್‌ನ ಕಪ್ಲರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಬ್ಯಾಗನ್ನು ಮೈಯಿಂದ ದೂರ ಹಿಡಿದು ಒಯ್ಯಿರಿ. ಕಂಪನಿ ಗುರುತು ಇರುವ ಮುಖ ಮೇಲೆ ಬರುವಂತೆ ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಬೋರಲು ಇಡಲೇಬಾರದು.

ಏರ್‌ಬ್ಯಾಗ್‌ನ ಪಿನ್‌ಗಳಿಗೆ ಮಲ್ಟಿಮೀಟರ್ ಮುಟ್ಟಿಸಲೇಬೇಡಿ. ರೆಸಿಸ್ಟೆನ್ಸ್ ನೋಡಲು ಮೀಟರ್ ತನ್ನದೇ ಸಣ್ಣ ಕರೆಂಟ್ ಬಿಡುತ್ತದೆ. ಅಷ್ಟೇ ಸಾಕಾಗಿ ಬ್ಯಾಗ್ ಸಿಡಿಯುವ ಸಾಧ್ಯತೆ ಇದೆ. ಈ ಹಂತ ಓದುವಾಗಲೇ ಕೈ ನಡುಗಿದರೆ, ಈ ಭಾಗ ಮಾತ್ರ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಅದರಲ್ಲಿ ಸಂಕೋಚ ಏನೂ ಇಲ್ಲ.

ಹಂತ 4: ಬಟನ್ ಮತ್ತು ಕ್ಲಾಕ್ ಸ್ಪ್ರಿಂಗ್

ಸ್ಟಿಯರಿಂಗ್ ತಿರುಗುತ್ತಲೇ ಇರುತ್ತದೆ, ಆದರೂ ಹಾರನ್ನಿನ, ಏರ್‌ಬ್ಯಾಗಿನ ವೈರ್ ಹರಿಯುವುದಿಲ್ಲ ಅಲ್ವಾ? ಅದಕ್ಕೆ ಕಾರಣ ಕ್ಲಾಕ್ ಸ್ಪ್ರಿಂಗ್. ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಚಪ್ಪಟೆ ವೈರಿನ ಪಟ್ಟಿ, ಸ್ಟಿಯರಿಂಗ್ ಜೊತೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಬೇಸ್ ಮಾಡೆಲ್‌ನ ಪಟ್ಟಿಯಲ್ಲಿ ಕ್ರೂಸ್‌ಗೆ ಬೇಕಾದ ವೈರ್ ಇಲ್ಲದೇ ಇರಬಹುದು. ಕಪ್ಲರ್‌ನಲ್ಲಿ ಖಾಲಿ ಪಿನ್ ಇದ್ದ ಮಾತ್ರಕ್ಕೆ ಒಳಗೆ ವೈರ್ ಇದೆ ಅಂತ ಅಲ್ಲ. ಬ್ಯಾಟರಿ ಬಿಚ್ಚಿದ ಸ್ಥಿತಿಯಲ್ಲಿ, ಏರ್‌ಬ್ಯಾಗಿನ ಹಳದಿ ಕಪ್ಲರ್ ಬಿಟ್ಟು, ಬಟನ್ನಿನ ವೈರ್‌ಗೆ ಕ್ಲಾಕ್ ಸ್ಪ್ರಿಂಗಿನ ಆ ತುದಿಯಿಂದ ಈ ತುದಿಗೆ ಬೀಪ್ ಪರೀಕ್ಷೆ ಮಾಡಿ. ವೈರ್ ಇಲ್ಲದಿದ್ದರೆ ಟಾಪ್ ಮಾಡೆಲ್‌ನ ಕ್ಲಾಕ್ ಸ್ಪ್ರಿಂಗ್ ತರಬೇಕು.

ಹೊಸ ಕ್ಲಾಕ್ ಸ್ಪ್ರಿಂಗಿಗೆ ನಡುವಿನ ಸ್ಥಾನ ಹಿಡಿಯುವ ಪಿನ್ ಅಥವಾ ಸ್ಟಿಕ್ಕರ್ ಹಾಕಿರುತ್ತಾರೆ. ಕೂರಿಸುವ ತನಕ ಅದನ್ನು ಕೀಳಬೇಡಿ, ಕೈಯಲ್ಲಿ ತಿರುಗಿಸಿ ನೋಡಬೇಡಿ. ನಡು ತಪ್ಪಿ ಕೂತರೆ ಮೊದಲ ಯೂ ಟರ್ನ್‌ನಲ್ಲೇ ಪಟ್ಟಿ ಹರಿಯಬಹುದು. ಹರಿದರೆ ಕ್ರೂಸ್ ಮಾತ್ರವಲ್ಲ, ಏರ್‌ಬ್ಯಾಗ್ ಸಂಪರ್ಕವೂ ಹೋಗುತ್ತದೆ. ಸ್ಟಿಯರಿಂಗ್ ಚಕ್ರ ತೆಗೆಯುವ ಮೊದಲು ಚಕ್ರಕ್ಕೂ ಅದರ ದಂಡಕ್ಕೂ ಪೆನ್ನಿನಿಂದ ಗುರುತು ಹಾಕಿ. ನಡುವಿನ ಬೋಲ್ಟನ್ನು ಕಂಪನಿ ಹೇಳಿದ ಬಿಗಿಯಲ್ಲಿ, ಟಾರ್ಕ್ ಸ್ಪ್ಯಾನರ್‌ನಿಂದಲೇ ಕೂರಿಸಿ. ಕೆಲವು ಕಾರುಗಳಿಗೆ ಹೊಸ ಬೋಲ್ಟ್ ಕಡ್ಡಾಯ.

ಇನ್ನು ಬಟನ್. ಸೆಟ್, ರೆಸ್ಯೂಮ್ (ಮೊದಲು ಸೆಟ್ ಮಾಡಿದ ವೇಗಕ್ಕೆ ಮರಳುವುದು), ಕ್ಯಾನ್ಸಲ್ ಅಂತ ಮೂರ್ನಾಲ್ಕು ಬಟನ್ ಇದ್ದರೂ ಬಹಳ ಕಾರುಗಳಲ್ಲಿ ಅವೆಲ್ಲಕ್ಕೂ ಒಂದೇ ಸಿಗ್ನಲ್ ವೈರ್. ಪ್ರತಿ ಬಟನ್ನಿಗೂ ಬೇರೆ ಬೇರೆ ರೆಸಿಸ್ಟರ್ ಇರುತ್ತದೆ. ಯಾವ ವೋಲ್ಟೇಜ್ ಬಂತು ಅನ್ನುವುದರಿಂದ ಯಾವ ಬಟನ್ ಅಂತ ಇಸಿಯು ತಿಳಿದುಕೊಳ್ಳುತ್ತದೆ. ಬೇರೆ ಮಾಡೆಲ್‌ನ ಬಟನ್ ಹಾಕಿದರೆ ರೆಸಿಸ್ಟರ್ ಬೇರೆಯಾಗಿ, ಕ್ಯಾನ್ಸಲ್ ಒತ್ತಿದ್ದು ರೆಸ್ಯೂಮ್ ಅಂತ ಓದಿಸಿಕೊಳ್ಳಬಹುದು. ಪಾರ್ಟ್ ನಂಬರ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಏರ್‌ಬ್ಯಾಗ್ ಸೇರಿ ಎಲ್ಲವನ್ನೂ ಕೂರಿಸಿದ ಮೇಲೆ ಕೊನೆಯಲ್ಲಿ ಬ್ಯಾಟರಿ ಜೋಡಿಸಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಗಾಡಿ ತೆಗೆಯಬೇಡಿ.

ಹಂತ 5: ಇಸಿಯುಗೆ ತಿಳಿಸುವುದು

ಕೆಲವು ಕಾರುಗಳಲ್ಲಿ ಬಟನ್ ಸಿಕ್ಕಿಸಿದ ಕೂಡಲೇ ಇಸಿಯು ಗುರುತು ಹಿಡಿಯುತ್ತದೆ. ಕೆಲವದರಲ್ಲಿ ಕೋಡಿಂಗ್ ಬೇಕು, ಅಂದರೆ ಈ ಕಾರಿನಲ್ಲಿ ಕ್ರೂಸ್ ಇದೆ ಅಂತ ಸ್ಕ್ಯಾನರ್ ಮೂಲಕ ಬರೆಯಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಅನ್ನುವ ಉಪಕರಣ ಬಳಸುತ್ತಾರೆ. ಏನೇ ಬದಲಿಸುವ ಮೊದಲು ಹಳೇ ಕೋಡಿಂಗ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಬರೆಯುವ ಹೊತ್ತಿಗೆ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಲಿ. ಎಂಜಿನ್ನಿನ ರೀಮ್ಯಾಪ್, ಅಂದರೆ ಇಸಿಯು ಒಳಗಿನ ಲೆಕ್ಕವನ್ನೇ ಬದಲಿಸುವ ಕೆಲಸ, ಮಾಡುವ ಅಂಗಡಿಯವರು "ಹಂಗೇ ಪಿಕಪ್ಪೂ ಜಾಸ್ತಿ ಮಾಡ್ಕೊಡ್ತೀವಿ" ಅಂದರೆ ಬೇಡ ಅನ್ನಿ. ನಮಗೆ ಬೇಕಾದದ್ದು ಒಂದು ಸೌಲಭ್ಯ ಆನ್ ಆಗುವುದು ಮಾತ್ರ.

ಹಂತ 6: ಎರಡನೇ ಗುಂಪಿನವರಿಗೆ, ಕಿಟ್ ಜೋಡಿಸುವುದು

ಆಕ್ಸಿಲರೇಟರ್ ಪೆಡಲ್ ಕಪ್ಲರ್‌ನಲ್ಲಿ ಸಾಮಾನ್ಯವಾಗಿ ಆರು ವೈರ್. ಒಳಗೆ ಎರಡು ಸೆನ್ಸರ್ ಇವೆ, ಪ್ರತಿಯೊಂದಕ್ಕೂ 5 ವೋಲ್ಟ್, ಅರ್ಥ್, ಸಿಗ್ನಲ್ ಅಂತ ಮೂರು. ಎಷ್ಟೋ ಕಾರುಗಳಲ್ಲಿ ಒಂದರ ಸಿಗ್ನಲ್ ಇನ್ನೊಂದರ ಅರ್ಧ ವೋಲ್ಟೇಜ್ ಇರುತ್ತದೆ. ಇಸಿಯು ಎರಡನ್ನೂ ತಾಳೆ ನೋಡುತ್ತಲೇ ಇರುತ್ತದೆ. ತಾಳೆ ತಪ್ಪಿದರೆ ಪಿ2138 ಅನ್ನುವ ಕೋಡ್ ಬಂದು ಎಂಜಿನ್ ಶಕ್ತಿ ಕಡಿತಗೊಳ್ಳುತ್ತದೆ. ಹಾಗಾಗಿ ಈ ವೈರ್‌ಗಳನ್ನು ಕತ್ತರಿಸಿ ಬೆಸೆಯುವ ಕೆಲಸ ಮಾಡಬೇಡಿ. ನಿಮ್ಮ ಕಾರಿನ ಕಪ್ಲರ್‌ಗೆ ನೇರವಾಗಿ ಸಿಕ್ಕುವ ಹಾರ್ನೆಸ್ (ಕಪ್ಲರ್ ಸಮೇತ ವೈರುಗಳ ಕಟ್ಟು) ಇರುವ ಕಿಟ್ ಮಾತ್ರ ತಗೊಳ್ಳಿ. ಕಿಟ್ ತೆಗೆದರೆ ಕಾರು ಮೊದಲಿನ ಹಾಗೇ ಆಗಬೇಕು.

ಕರೆಂಟನ್ನು ಕೀ ಆನ್ ಆದಾಗ ಮಾತ್ರ ಬರುವ ಫ್ಯೂಸಿನಿಂದ, ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ ಇನ್ನೊಂದು ವೈರ್ ತೆಗೆಯುವ ಜೋಡಣೆ) ಹಾಕಿ ತಗೊಳ್ಳಿ. ಏರ್‌ಬ್ಯಾಗ್, ಎಬಿಎಸ್ ಫ್ಯೂಸಿಗೆ ಕೈ ಹಾಕಬೇಡಿ. ವೇಗದ ಮಾಹಿತಿ ಬಹಳ ಕಿಟ್‌ಗಳಿಗೆ ಓಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ನಿನ ಕ್ಯಾನ್ ವೈರ್‌ಗಳಿಂದ ಬರುತ್ತದೆ. ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಜೋಡಿ ವೈರ್ ಅದು. ಒಂದಕ್ಕೊಂದು ಹೆಣೆದ ಆ ಜೋಡಿಯನ್ನು ಬಿಡಿಸಿ ಉದ್ದ ಎಳೆಯಬೇಡಿ. ವೈರ್‌ಗಳನ್ನೆಲ್ಲ ಟೇಪ್ ಸುತ್ತಿ, ಪೆಡಲ್‌ಗೂ ಸ್ಟಿಯರಿಂಗ್ ದಂಡಕ್ಕೂ ತಾಗದ ಹಾಗೆ ಕಟ್ಟಿ. ಜೋತುಬಿದ್ದ ಒಂದು ವೈರ್ ಬ್ರೇಕ್ ಪೆಡಲ್‌ಗೆ ಸುತ್ತಿಕೊಂಡರೆ ಸಾಕು, ಉಳಿದ ಎಚ್ಚರಿಕೆಗೆಲ್ಲ ಅರ್ಥವಿಲ್ಲ.

ಹಂತ 7: ನಿಂತಲ್ಲೇ ಪರೀಕ್ಷೆ, ಆಮೇಲೆ ರಸ್ತೆ

ಮನೆ ಮುಂದೆ ನಿಂತೇ ಎಂಜಿನ್ ಹಾಕಿ ಕೋಡ್ ನೋಡಿ. ಬ್ರೇಕ್ ಲೈಟ್, ಹಾರನ್, ಇಂಡಿಕೇಟರ್ ಸರಿ ಇವೆಯಾ? ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯ ತನಕ ತಿರುಗಿಸಿ ಹಾರನ್ ಮತ್ತೆ ಒತ್ತಿ. ಜಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿ ಕ್ರೂಸ್ ನೋಡುವವರಿದ್ದಾರೆ. ಅದು ಬೇಡವೇ ಬೇಡ.

ರಸ್ತೆ ಪರೀಕ್ಷೆಗೆ ಹಗಲು, ಒಣ ರಸ್ತೆ, ಜೊತೆಗೆ ಒಬ್ಬರು. ನೆಲಮಂಗಲದ ಕಡೆ ಲಾರಿಗಳ ಸಾಲು ಜಾಸ್ತಿ. ಊರುಕೆರೆ ದಾಟಿ ಶಿರಾ ಕಡೆಗಿನ ರಸ್ತೆ ವಾಸಿ, ಆದರೆ ಊರುಗಳ ಹತ್ತಿರ ಬೇಡ. ಸೀಬಿಯಲ್ಲಿ ದೇವಸ್ಥಾನಕ್ಕೆ ಬಂದವರು ರಸ್ತೆ ದಾಟುತ್ತಿರುತ್ತಾರೆ. ಮುಂದೆ ಹಿಂದೆ ಗಾಡಿ ಇಲ್ಲದ ಜಾಗ ನೋಡಿ 60ಕ್ಕೆ ಸೆಟ್ ಮಾಡಿ. ಬಹಳ ಕಾರುಗಳಲ್ಲಿ ಸುಮಾರು 40 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಕ್ರೂಸ್ ಹಿಡಿಯುವುದೇ ಇಲ್ಲ, ಅದು ದೋಷವಲ್ಲ.

ಹಿಡಿಯಿತಾ? ಕೂಡಲೇ ಬ್ರೇಕ್ ಸುಮ್ನೆ ಮುಟ್ಟಿ. ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಮುಟ್ಟಿ. ಮತ್ತೆ ಸೆಟ್ ಮಾಡಿ ಕ್ಯಾನ್ಸಲ್ ಒತ್ತಿ. ಮತ್ತೆ ಸೆಟ್ ಮಾಡಿ ಮುಖ್ಯ ಸ್ವಿಚ್ಚನ್ನೇ ಆಫ್ ಮಾಡಿ. ಇದೇ ಸುತ್ತನ್ನು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಿ. ಒಂದೇ ಒಂದು ಸಲ ಬಿಡಲು ತಡ ಮಾಡಿದರೂ ಕ್ರೂಸ್ ಆಫ್ ಮಾಡಿ ಮನೆಗೆ ಬನ್ನಿ, ಹಂತ 1ರಿಂದ ಶುರು ಮಾಡಿ.

ಬಿಡಲೇ ಇಲ್ಲ ಅಂದರೆ? ಬ್ರೇಕನ್ನು ಗಟ್ಟಿಯಾಗಿ ತುಳಿದು ಹಾಗೇ ಹಿಡಿಯಿರಿ, ಮತ್ತೆ ಮತ್ತೆ ಬಿಟ್ಟು ತುಳಿಯಬೇಡಿ. ಗೇರ್ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕಿರುಚಿದರೆ ಕಿರುಚಲಿ. ಪಕ್ಕಕ್ಕೆ ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗ ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಈ ಮಾತನ್ನು ಜೊತೆಗಿರುವವರಿಗೂ ಹೊರಡುವ ಮೊದಲೇ ಹೇಳಿರಿ.

ಓಡಿಸುವಾಗ

ಮಾಮೂಲಿ ಕ್ರೂಸ್‌ಗೆ ಬ್ರೇಕ್ ಹಾಕಲು ಬರುವುದಿಲ್ಲ. ಇಳಿಜಾರಿನಲ್ಲಿ ವೇಗ ಸೆಟ್ ಮಾಡಿದ್ದಕ್ಕಿಂತ ಏರುತ್ತದೆ. ಮಳೆಯಲ್ಲಿ ಆನ್ ಮಾಡಬೇಡಿ. ನೀರು ನಿಂತ ಕಡೆ ಟೈರ್ ತೇಲಿದರೆ ಕ್ರೂಸ್‌ಗೆ ಗೊತ್ತಾಗುವುದಿಲ್ಲ. ನಮ್ಮ ಹೆದ್ದಾರಿಯಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬರಬಹುದು, ಕುರಿ ಹಿಂಡು ದಾಟಬಹುದು. ಕಾಲನ್ನು ಮಡಚಿ ಸೀಟಿನ ಮೇಲೆ ಇಡಬೇಡಿ, ಬ್ರೇಕ್ ಹತ್ತಿರವೇ ಇರಲಿ. ಕೇಂದ್ರದ 2018ರ ಅಧಿಸೂಚನೆಯಲ್ಲಿ ನಾಲ್ಕು ಪಥದ ಹೆದ್ದಾರಿಗೆ ಕಾರಿನ ಗರಿಷ್ಠ ವೇಗ 100 ಕಿ.ಮೀ. ಅಂತ ಇತ್ತು. ಅಲ್ಲಿರುವ ಬೋರ್ಡ್ ಅದಕ್ಕಿಂತ ಕಡಿಮೆ ಹೇಳಿದರೆ ಬೋರ್ಡಿನದೇ ಲೆಕ್ಕ.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವ ಹಾಗಿಲ್ಲ. ಬಣ್ಣ, ಎಂಜಿನ್, ಸೀಟಿನ ಸಂಖ್ಯೆಯಂತೆ ಕ್ರೂಸ್ ಬಟನ್ ಆರ್‌ಸಿಯಲ್ಲಿ ಬರೆಯುವ ವಿವರವಲ್ಲ. ಆದರೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ.

ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಫ್ಯೂಸ್, ಯಾವ ಪಾರ್ಟ್ ನಂಬರ್ ಅಂತ ಒಂದು ಹಾಳೆಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್‌ಗೆ ತೋರಿಸಿ. ಅವರು ಬ್ರೇಕ್ ಪೆಡಲ್ ಅಥವಾ ಕ್ಲಚ್ ಕೆಲಸ ಮಾಡಿದ್ದರೆ ಗಾಡಿ ತಂದ ದಿನವೇ ಹಂತ 7ರ ಬ್ರೇಕ್, ಕ್ಲಚ್ ಪರೀಕ್ಷೆಯನ್ನು ಮತ್ತೆ ಮಾಡಿ. ಅದು ಮುಗಿಯುವ ತನಕ ಕ್ರೂಸ್ ಆಫ್ ಇರಲಿ.